ಒಂದು ಲಡಿ ನೂಲಿನ ಹಮ್ಮಿಣಿ

ನಮ್ಮ ಮನೆಯ ಹಳೆಯ ಲೆಕ್ಕದ ಪುಸ್ತಕಗಳ ಪೆಟ್ಟಿಗೆಯಲ್ಲಿ ಒಂದು ಹಮ್ಮಿಣಿ ಇದೆ. ಇಂದಿನ ಮಕ್ಕಳಿಗೆ ಈ ಶಬ್ದವೇ ಹೊಸದು. ಉದ್ದವಾಗಿ, ಕಿರಿದಾಗಿ, ಹಾವಿನ ಪೊರೆಯಂತೆ ಹೆಣೆದ ಹಣದ ಚೀಲವದು. ಸಂತೆಗೆ ಹೊರಟ ವ್ಯಾಪಾರಿ ಅದರೊಳಗೆ ನಾಣ್ಯ ತುಂಬಿ, ಧೋತರದ ಒಳಗೆ ಸೊಂಟಕ್ಕೆ ಸುತ್ತಿ ಕಟ್ಟಿಕೊಳ್ಳುತ್ತಿದ್ದ. ನಮ್ಮ ಮಾವನವರ ತಂದೆಯವರು ಸೇಲಂನಿಂದ ಹೊರಟು ತೊಪ್ಪೂರು ಕಣಿವೆ ಹತ್ತಿ ಧರ್ಮಪುರಿಯ ಸಂತೆಗೆ ಎತ್ತಿನ ಗಾಡಿಯಲ್ಲಿ ಹೋಗುವಾಗ ಇದನ್ನು ಕಟ್ಟುತ್ತಿದ್ದರಂತೆ. ಅದನ್ನು ಹೆಣೆದವರು ಅವರ ಧರ್ಮಪತ್ನಿ. ನೂಲು ಕೂಡ ಅವರದೇ ಕೈಯದು.

ಕಳೆದ ವರ್ಷ ದೀಪಾವಳಿಯಲ್ಲಿ ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆ ಮಾಡುವ ಮುನ್ನ ಪೆಟ್ಟಿಗೆ ತೆರೆದಾಗ, ಹಮ್ಮಿಣಿಯ ಬಾಯಿ ಹರಿದು ಎಳೆ ಬಿಚ್ಚಿಕೊಂಡಿತ್ತು. ಅಂಗಡಿಯಿಂದ ತಂದ ಗಿರಣಿಯ ದಾರದಲ್ಲಿ ರಿಪೇರಿ ಮಾಡಲು ನೋಡಿದೆವು. ಹೊಂದಲಿಲ್ಲ. ಹಳೆಯ ನೂಲು ಮೆತ್ತಗೆ, ಕೆನೆಬಣ್ಣ, ಒಂದೊಂದು ಕಡೆ ಸ್ವಲ್ಪ ದಪ್ಪ. ಹೊಸ ದಾರ ತಂತಿಯಂತೆ ಸಮನಾಗಿ ಎದ್ದು ಕಾಣುತ್ತಿತ್ತು. ಹಳೆಯದನ್ನು ಹಾಗೆಯೇ ಬಿಟ್ಟು, ನಾವೇ ನೂತು ಹೊಸದೊಂದನ್ನು ಹೆಣೆಯೋಣ ಎಂದು ಮನೆಯ ಹೆಂಗಸರು ಮಾತಾಡಿಕೊಂಡೆವು. ನಾಲ್ಕು ದಶಕ ಶೆವ್ವಾಪೇಟೆಯಲ್ಲಿ ನೂಲಿನ ವ್ಯಾಪಾರ ಮಾಡಿದ ನಮ್ಮ ಮಾವನವರು ನಕ್ಕರು. “ಮೂರು ತಲೆಮಾರು ನೂಲು ಮಾರಿದ್ದೇವೆ, ನೂತಿದ್ದು ನಮ್ಮಮ್ಮ ಒಬ್ಬಳೇ. ನಿಮ್ಮ ಕೈಲಿ ಆಗುತ್ತದೆಯೇ?” ಎಂದರು. ಆ ಒಂದು ಮಾತು ಸಾಕಾಯಿತು.

ಹತ್ತಿಯನ್ನೇ ಏಕೆ?

ನೂಲಬೇಕೆಂದರೆ ಮೊದಲು ಯಾವ ನಾರು ಎಂಬ ಪ್ರಶ್ನೆ. ಹೆಣಿಗೆ ಎಂದೊಡನೆ ಎಲ್ಲರ ಮನಸ್ಸಿಗೆ ಬರುವುದು ಉಣ್ಣೆ. ಆದರೆ ನಮ್ಮ ಜಿಲ್ಲೆಯ ಹೆಸರಾಂತ ಮೇಚೇರಿ ಕುರಿಗೆ ಉಣ್ಣೆಯೇ ಇಲ್ಲ, ಮೈಮೇಲೆ ಇರುವುದು ಚಿಕ್ಕ ಕೂದಲು ಮಾತ್ರ. ಏರ್ಕಾಡಿನ ಬೆಟ್ಟದ ಮೇಲೆ ಬಿಟ್ಟರೆ ಸೇಲಂನ ಸೆಕೆಯಲ್ಲಿ ಉಣ್ಣೆ ತೊಡುವವರಾದರೂ ಯಾರು?

ಇನ್ನು ರೇಷ್ಮೆ. ಧರ್ಮಪುರಿ, ಕೃಷ್ಣಗಿರಿ, ಹೊಸೂರು ಕಡೆ ಹಿಪ್ಪುನೇರಳೆ ತೋಟಗಳಿಗೆ ಕೊರತೆಯಿಲ್ಲ, ಧರ್ಮಪುರಿಯಲ್ಲಿ ದೊಡ್ಡ ಗೂಡಿನ ಮಾರುಕಟ್ಟೆಯೇ ಇದೆ. ಆದರೆ ಎಳೆ ತುಂಡಾಗದೆ ಬರಬೇಕಾದರೆ ಗೂಡಿನೊಳಗಿನ ಜೀವವನ್ನು ಬಿಸಿಯಲ್ಲಿ ಕೊಲ್ಲಬೇಕು. ಇದನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಿಲ್ಲ. ಹೈದರಾಬಾದಿನ ಕುಸುಮ ರಾಜಯ್ಯ ಎಂಬವರು ಪತಂಗ ಹೊರಬಂದ ಮೇಲೆ ಉಳಿದ ಗೂಡಿನಿಂದ ನೂಲು ತೆಗೆಸಿ ‘ಅಹಿಂಸಾ ರೇಷ್ಮೆ’ಯನ್ನು ಬಳಕೆಗೆ ತಂದಿದ್ದಾರೆ. ಅದು ಬೇರೆಯೇ ಒಂದು ಲೇಖನಕ್ಕೆ ವಿಷಯ. ನಾವು ಹತ್ತಿಯನ್ನು ಆರಿಸಿಕೊಂಡೆವು.

ಹತ್ತಿಗಾಗಿ ದೂರ ಹೋಗಬೇಕಾಗಿಯೂ ಇರಲಿಲ್ಲ. ಕೊಂಗಣಾಪುರಂ ಮತ್ತು ತಿರುಚೆಂಗೋಡಿನ ಹತ್ತಿ ಹರಾಜುಗಳು ಈ ಸೀಮೆಯ ವ್ಯಾಪಾರಿಗಳಿಗೆಲ್ಲ ಗೊತ್ತು. ಅಲ್ಲಿ ‘ಡಿ.ಸಿ.ಎಚ್.’ ಎಂದು ಕೂಗುವ ಉದ್ದ ಎಳೆಯ ಹತ್ತಿಯನ್ನು ದಿನವೂ ನೋಡುವವರಿಗೂ ಆ ಮೊದಲ ಅಕ್ಷರ ಧಾರವಾಡದ್ದು ಎಂಬುದು ತಿಳಿದಿರಲಾರದು. ಧಾರವಾಡದ ಕೃಷಿ ಸಂಶೋಧಕರು 1981ರಲ್ಲಿ ಬಿಡುಗಡೆ ಮಾಡಿದ ‘ಜಯಲಕ್ಷ್ಮಿ’ ಸಂಕರಣ ತಳಿಯೇ ಈ ಡಿ.ಸಿ.ಎಚ್. 32. ಕನ್ನಡ ನಾಡಿನಿಂದ ಬಂದು ತಮಿಳು ನೆಲದಲ್ಲಿ ನೆಲೆ ನಿಂತ ಹತ್ತಿ ಎಂದು ತಿಳಿದಾಗ, ನಮ್ಮಂಥದೇ ಇನ್ನೊಂದು ಕುಟುಂಬವನ್ನು ಕಂಡಂತಾಯಿತು.

ಪರಿಚಯದ ರೈತರೊಬ್ಬರಿಂದ ಬೀಜಸಹಿತವಾದ ಕಾಲು ಕಿಲೋ ಹತ್ತಿ ತಂದೆವು. ಕೊಟ್ಟದ್ದು ಇಪ್ಪತ್ತೈದು ರೂಪಾಯಿ. ಬೀಜ ತೆಗೆದರೆ ಅರಳೆ ಸಿಗುವುದು ಸುಮಾರು ಮೂರನೆಯ ಒಂದು ಪಾಲು, ಅಂದರೆ ಎಂಬತ್ತು ಗ್ರಾಂ. ಹಮ್ಮಿಣಿಗೆ ಅಷ್ಟು ಸಾಕು. ಹಗಲು ಬೆಳಕಿನಲ್ಲಿ ಬಿಳಿ ಬಟ್ಟೆಯ ಮೇಲೆ ಹರಡಿ ಒಂದೊಂದೇ ತೊಳೆಯನ್ನು ಬಿಡಿಸಿ ನೋಡಿದೆವು. ಕಂದು ಕಲೆ ಬಿದ್ದ ತೊಳೆಗಳಲ್ಲಿ ಹುಳುವಿರುವ ಸಂಭವ ಹೆಚ್ಚು. ಅವುಗಳನ್ನು ಹಿಂಜದೆ, ಹೊರಗೆ ಗಿಡದ ನೆರಳಿಗೆ ಇಟ್ಟೆವು. ಧಾನ್ಯ ಆರಿಸುವ ಕೈಗೆ ಇದು ಹೊಸ ಕೆಲಸವೇನಲ್ಲ. ಬೀಜ ಬಿಡಿಸಲು ಮಣೆಯ ಮೇಲೆ ತೊಳೆಯನ್ನಿಟ್ಟು ತೆಳುವಾದ ಕಬ್ಬಿಣದ ಸಲಾಕೆಯನ್ನು ಉರುಳಿಸಬೇಕು. ಬೀಜ ಮುಂದಕ್ಕೆ ಜಿಗಿಯುತ್ತದೆ, ಅರಳೆ ಹಿಂದೆ ಉಳಿಯುತ್ತದೆ. ಆರಿಸಿ ಬೀಜ ತೆಗೆಯಲು ನಾಲ್ಕು ಗಂಟೆ, ಹಿಂಜಿ ಹಂಜಿ ಸುತ್ತಲು ಐದು ಗಂಟೆ ಹಿಡಿಯಿತು. ಹತ್ತಿಕಾಳು ಪಕ್ಕದ ಬೀದಿಯ ಹಸುವಿನ ಪಾಲಾಯಿತು.

ನೂಲುವ ಪಾಠ

ನೂಲಲು ಕಲಿಸಿದವರು ತಿರುಚೆಂಗೋಡಿನ ಬಳಿಯ ಹಳ್ಳಿಯೊಂದರ ಅಜ್ಜಿ. ಆ ಕಡೆಗೆ ನಾವು ಹೋದದ್ದಕ್ಕೆ ಕಾರಣವಿದೆ. 1924ರ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಸದಸ್ಯರು ತಿಂಗಳಿಗೆ 2000 ಗಜ ನೂಲನ್ನು ಚಂದಾ ರೂಪದಲ್ಲಿ ಸಲ್ಲಿಸಬೇಕೆಂಬ ನಿಯಮ ಅಲ್ಲಿ ಅಂಗೀಕಾರವಾಯಿತು. ಅದಾದ ಎರಡೇ ತಿಂಗಳೊಳಗೆ, 1925ರ ಫೆಬ್ರವರಿ 6ರಂದು, ರಾಜಾಜಿಯವರು ತಿರುಚೆಂಗೋಡಿನ ಬಳಿಯ ಪುದುಪಾಳಯಂನಲ್ಲಿ ಗಾಂಧಿ ಆಶ್ರಮವನ್ನು ಆರಂಭಿಸಿದರು. ಹೊಸೂರು ಸಮೀಪದ ತೊರಪಳ್ಳಿಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಓದಿ, ಸೇಲಂನಲ್ಲಿ ವಕೀಲಿ ಮಾಡಿ ಹೆಸರಾಗಿದ್ದವರು ಅವರು. ಅಂಥವರು ಮಳೆಯಿಲ್ಲದೆ ಬಡವಾದ ಹಳ್ಳಿಗೆ ಹೋಗಿ ನೆಲೆಸಿದರು. ಆಶ್ರಮದವರು ಹೆಂಗಸರಿಗೆ ಹತ್ತಿ ಕೊಟ್ಟು, ನೂತು ತಂದ ನೂಲಿಗೆ ಕೂಲಿ ಕೊಡುತ್ತಿದ್ದರು. ಬರಗಾಲದಲ್ಲಿ ಎಷ್ಟೋ ಮನೆಗಳ ಒಲೆ ಉರಿದದ್ದು ಆ ಕೂಲಿಯಿಂದ. ಆಗ ಸೇಲಂ ಜಿಲ್ಲೆಯಲ್ಲಿದ್ದ ಆ ಊರು 1997ರಿಂದ ನಾಮಕ್ಕಲ್ ಜಿಲ್ಲೆಗೆ ಸೇರಿದೆ.

ನಮ್ಮ ಅಜ್ಜಿಯ ತಾಯಿಯೂ ಹಾಗೆ ನೂತವರಂತೆ. ಅಜ್ಜಿ ನಮ್ಮ ಕೈಗೆ ಪೆಟ್ಟಿ ಚರಕ ಕೊಟ್ಟು, “ಬಲಗೈ ಬೇಗ, ಎಡಗೈ ಅವಸರವಿಲ್ಲದೆ” ಎಂದು ತಮಿಳಿನಲ್ಲಿ ಹೇಳಿದರು. ಪಾಠವೆಲ್ಲ ಅಷ್ಟೇ. ಬಲಗೈ ಚಕ್ರ ತಿರುಗಿಸುತ್ತದೆ, ಎಡಗೈ ಹಂಜಿಯನ್ನು ಹಿಡಿದು ಹಿಂದಕ್ಕೆ ಸರಿಯುತ್ತದೆ. ಹಂಜಿಯನ್ನು ಬಿಗಿಯಾಗಿ ಹಿಡಿದರೆ ಎಳೆ ತುಂಡು, ಸಡಿಲ ಬಿಟ್ಟರೆ ಗಂಟು. ಹತ್ತಿಯ ನಾರು ಉಣ್ಣೆಯಷ್ಟು ಉದ್ದವಲ್ಲ. ಡಿ.ಸಿ.ಎಚ್. ಉದ್ದವೆಂದರೂ ಒಂದೂಕಾಲು ಅಂಗುಲಕ್ಕೆ ಸ್ವಲ್ಪ ಮಿಗಿಲು. ಆದುದರಿಂದ ಹತ್ತಿ ನೂಲಿಗೆ ಹುರಿ ಹೆಚ್ಚು ಬೇಕು. ಹುರಿ ಕಡಿಮೆಯಾದರೆ ನಾರುಗಳು ಒಂದರಿಂದೊಂದು ಜಾರಿ ಎಳೆ ಕಳಚುತ್ತದೆ.

ಮೊದಲ ತಿಂಗಳು ನಾವು ನೂತದ್ದೆಲ್ಲ ದೀಪದ ಬತ್ತಿಗೇ ಸರಿ. ಆಮೇಲೆ ಪ್ರತಿದಿನ ಒಂದು ಮುಹೂರ್ತ, ಅಂದರೆ 48 ನಿಮಿಷ, ನೂಲುವುದೆಂದು ನಿಯಮ ಮಾಡಿಕೊಂಡೆವು. ಗಂಟೆಗೆ 60 ಮೀಟರ್ ಕೂಡ ಆಗುತ್ತಿರಲಿಲ್ಲ. ಹದಿನೆಂಟು ದಿನಗಳಲ್ಲಿ ಸುಮಾರು 800 ಮೀಟರ್ ಆಯಿತು. ಖಾದಿಯವರ ಈಗಿನ ಲೆಕ್ಕದಲ್ಲಿ ಒಂದು ಲಡಿ ಎಂದರೆ 1000 ಮೀಟರ್. ಒಂದು ಲಡಿಯೂ ತುಂಬಲಿಲ್ಲ. ಬೆಳಗಾವಿಯ ನಿಯಮದಂತೆ ನಾವು ಆ ಕಾಲದಲ್ಲಿ ಸದಸ್ಯರಾಗಿದ್ದರೆ, ತಿಂಗಳ ಚಂದಾದ ಅರ್ಧವೂ ಸಂದಾಯವಾಗುತ್ತಿರಲಿಲ್ಲ!

ಮೊದಲ ಸೋಲು

ಅವಸರ ನಮ್ಮದು. ಆ ನೂಲನ್ನೆಲ್ಲ ಒಂಟಿ ಎಳೆಯಲ್ಲೇ ಹೆಣೆದುಬಿಡೋಣ ಎಂದುಕೊಂಡು ಅಭ್ಯಾಸದ ನೂಲಿನಲ್ಲಿ ಒಂದು ಪುಟ್ಟ ಚೀಲ ಹೆಣೆದೆವು. ನೋಡಿದರೆ ಚೀಲ ಒಂದು ಪಕ್ಕಕ್ಕೆ ವಾಲಿತ್ತು. ಎಷ್ಟು ಎಳೆದು ನೇರ ಮಾಡಿದರೂ ಮತ್ತೆ ತಿರುಚಿಕೊಳ್ಳುತ್ತಿತ್ತು. ಅದೇ ಸ್ಥಿತಿಯಲ್ಲಿ ಮಾವನವರ ಮುಂದಿಟ್ಟೆವು. ಅವರು ಮೇಜಿನಲ್ಲಿದ್ದ ಹತ್ತರ ನಾಣ್ಯಗಳನ್ನು ಒಂದೊಂದಾಗಿ ಹಾಕತೊಡಗಿದರು. ಹದಿನೇಳನೆಯ ನಾಣ್ಯಕ್ಕೆ ತೆಳ್ಳಗಿದ್ದ ಒಂದು ಕಡೆ ಎಳೆ ಹರಿಯಿತು. ನಾಣ್ಯಗಳೆಲ್ಲ ಮಂಚದ ಕೆಳಗೆ, ಬೀರುವಿನ ಕೆಳಗೆ ಉರುಳಿದವು. ಮೊಮ್ಮಕ್ಕಳಿಗೆ ಅಂದು ಹಬ್ಬ.

ಅಜ್ಜಿಯ ಬಳಿ ಹೋಗಿ ಹರಿದ ಚೀಲ ತೋರಿಸಿದಾಗ ಅವರಿಗೆ ಕಾರಣ ಕೂಡಲೇ ತಿಳಿಯಿತು. ಒಂಟಿ ಎಳೆಗೆ ಹುರಿ ಇರುವುದು ಒಂದೇ ದಿಕ್ಕಿಗೆ. ಅದು ಸದಾ ಬಿಚ್ಚಿಕೊಳ್ಳಲು ಹವಣಿಸುತ್ತಿರುತ್ತದೆ. ಆ ಎಳೆತಕ್ಕೆ ಹೆಣಿಗೆಯೂ ವಾಲುತ್ತದೆ. ಮಗ್ಗದಲ್ಲಾದರೆ ಹಾಸು ಹೊಕ್ಕು ಒಂದನ್ನೊಂದು ಹಿಡಿದು ನಿಲ್ಲಿಸುತ್ತವೆ. ಹೆಣಿಗೆಯಲ್ಲಿ ಹಿಡಿಯುವವರಿಲ್ಲ. ಇದಕ್ಕೆ ಪರಿಹಾರ, ಮೂರು ಎಳೆಗಳನ್ನು ಕೂಡಿಸಿ ಮೊದಲಿನದಕ್ಕೆ ವಿರುದ್ಧ ದಿಕ್ಕಿನಲ್ಲಿ ಹುರಿ ಕೊಡುವುದು. ಆಗ ಒಂದರ ಸೆಳೆತವನ್ನು ಇನ್ನೊಂದು ತಡೆದು ನೂಲು ಸಮಾಧಾನಕ್ಕೆ ಬರುತ್ತದೆ. ಒಂದು ಎಳೆಯ ತೆಳ್ಳನೆಯ ಜಾಗಕ್ಕೆ ಉಳಿದೆರಡು ಎಳೆಗಳು ಆಸರೆಯಾಗುವುದರಿಂದ ಬಲವೂ ಬರುತ್ತದೆ. ಪರೀಕ್ಷೆ ಸುಲಭ: ಹುರಿ ಮಾಡಿದ ನೂಲನ್ನು ಒಂದು ಮೊಳ ಹಿಡಿದು ಎರಡು ತುದಿ ಕೂಡಿಸಿ ಜೋಲುಬಿಡಿ. ತನ್ನಷ್ಟಕ್ಕೆ ಸುತ್ತಿಕೊಳ್ಳದೆ ನೇರವಾಗಿ ನಿಂತರೆ ನೂಲು ಹದವಾಗಿದೆ.

ನಮ್ಮ 800 ಮೀಟರ್ ಒಂಟಿ ಎಳೆ ಮೂರೆಳೆಯಾದಾಗ 250 ಮೀಟರಿನಷ್ಟು ಉಳಿಯಿತು. ಹುರಿಯಲ್ಲಿ ಸ್ವಲ್ಪ ಉದ್ದ ತಗ್ಗುವುದು ಸಹಜ. ಲಡಿ ಮಾಡಿ ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಸೋಸಿದ ನೀರಿನಲ್ಲಿ ಕಾಲು ಗಂಟೆ ಕುದಿಸಿ, ಕೆಳಗೆ ತಕ್ಕಡಿಯ ಸಣ್ಣ ಬಟ್ಟು ತೂಗುಹಾಕಿ ಒಣಗಿಸಿದೆವು. ಹುರಿ ನೆಲೆ ನಿಂತಿತು. ಹೀಗೆ ಮಾಡದೆ ಹೆಣೆದವರು ಮೊದಲ ಒಗೆತಕ್ಕೇ ಪಶ್ಚಾತ್ತಾಪಪಡುತ್ತಾರೆ.

ನೂಲು ನೋಡಿ ವಿನ್ಯಾಸ

‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂಬ ಗಾದೆಯನ್ನು ನಾವು ಹೆಣ್ಣು ನೋಡಲು ಹೋದಾಗ ಮಾತ್ರ ನೆನೆಯುತ್ತೇವೆ. ಅದರ ಮೊದಲರ್ಧ ಎಷ್ಟು ನಿಜವೆಂದು ಈಗ ತಿಳಿಯಿತು. ಅಂಗಡಿಯ ದಾರವಾದರೆ ಪುಸ್ತಕದ ನಮೂನೆಗೆ ತಕ್ಕ ದಾರ ಕೊಳ್ಳಬಹುದು. ಕೈನೂಲಿಗೆ ಆ ಮಾತಿಲ್ಲ. ನೂಲು ಹೇಗಿದೆಯೋ ಹಾಗೆ ನಮೂನೆ ಬದಲಾಗಬೇಕು.

ಆದುದರಿಂದ ಮೊದಲು ಒಂದು ಮಾದರಿ ತುಂಡು ಹೆಣೆಯಲೇಬೇಕು. 13 ನಂಬರಿನ ಕಡ್ಡಿಯಲ್ಲಿ 24 ಕುಣಿಕೆ ಹಾಕಿ 30 ಸಾಲು ಹೆಣೆದು, ಬಿಸಿನೀರಿನಲ್ಲಿ ಒಗೆದು, ಒಣಗಿಸಿ ಅಳೆದೆವು. ಅಗಲ ಮೂರು ಅಂಗುಲ, ಅಂದರೆ ಅಂಗುಲಕ್ಕೆ ಎಂಟು ಕುಣಿಕೆ. ಉದ್ದದಲ್ಲಿ ಅಂಗುಲಕ್ಕೆ ಹತ್ತು ಸಾಲು. ಹತ್ತರ ನಾಣ್ಯದ ಅಗಲ 27 ಮಿಲಿಮೀಟರ್. ಅದು ಸಲೀಸಾಗಿ ಜಾರಬೇಕಾದರೆ ಚೀಲದ ಸುತ್ತಳತೆ ನಾಲ್ಕು ಅಂಗುಲ ಬೇಕು. ನಾಲ್ಕು ಎಂಟಲೆ ಮೂವತ್ತೆರಡು. ವಿನ್ಯಾಸದ ಲೆಕ್ಕ ಇಷ್ಟೇ. ನಿಮ್ಮ ನೂಲು ದಪ್ಪವಾಗಿದ್ದು ಅಂಗುಲಕ್ಕೆ ಆರೇ ಕುಣಿಕೆ ಬಂದರೆ 24 ಹಾಕಿ.

ಯೂರೋಪಿನಲ್ಲಿಯೂ ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಇಂಥದೇ ಉದ್ದನೆಯ ಹೆಣಿಗೆಯ ಹಣದ ಚೀಲ ಬಳಕೆಯಲ್ಲಿತ್ತು. ಬಾಯಿ ನಡುವಿನಲ್ಲಿ ಒಂದು ಸೀಳು, ಅದನ್ನು ಮುಚ್ಚಲು ಎರಡು ಉಂಗುರ. ಹಣ ತೆಗೆಯುವುದು ಅಷ್ಟು ಸುಲಭವಲ್ಲದ್ದರಿಂದಲೋ ಏನೋ, ಅದಕ್ಕೆ ‘ಜಿಪುಣರ ಚೀಲ’ ಎಂಬ ಅಡ್ಡಹೆಸರು ಬಿತ್ತು. ನಮ್ಮ ಹಮ್ಮಿಣಿಗೆ ಬಾಯಿ ಒಂದು ತುದಿಯಲ್ಲಿ.

ಹೆಣೆಯುವ ಕ್ರಮ

ಎರಡು ತುದಿಯೂ ಚೂಪಾದ ನಾಲ್ಕು ಕಡ್ಡಿಗಳು ಬೇಕು. 32 ಕುಣಿಕೆ ಹಾಕಿ, ಮೂರು ಕಡ್ಡಿಗಳಿಗೆ 11, 11, 10 ಎಂದು ಹಂಚಿ, ತಿರುಚದಂತೆ ಜೋಡಿಸಿ ಸುತ್ತಲೂ ಸಾದಾ ಹೆಣೆಯುತ್ತ ಹೋಗಿ. ನಾಲ್ಕು ಅಂಗುಲಕ್ಕೊಮ್ಮೆ ಒಂದು ಸುತ್ತು ಉಲ್ಟಾ ಹಾಕಿದರೆ ಚೀಲದ ಮೇಲೆ ಗೆರೆ ಮೂಡುತ್ತದೆ, ನಾಣ್ಯ ಎಲ್ಲಿಯವರೆಗೆ ತುಂಬಿದೆಯೆಂದು ಕೈಗೇ ತಿಳಿಯುತ್ತದೆ. 28 ಅಂಗುಲ ಉದ್ದವಾದ ಮೇಲೆ ಬಾಯಿಗೆ ತೂತುಗಳ ಸುತ್ತು: ಎರಡು ಸಾದಾ, ನೂಲು ಮುಂದಕ್ಕೆ, ಎರಡನ್ನು ಕೂಡಿಸಿ ಒಂದು. ಹೀಗೆ ಎಂಟು ಸಲ ಮಾಡಿದರೆ ಎಂಟು ತೂತು. ಮತ್ತೆ ಆರು ಸುತ್ತು ಸಾದಾ ಹೆಣೆದು ಸಡಿಲವಾಗಿ ಮುಗಿಸಿ. ಆರಂಭದ ತುದಿಯನ್ನು ಸೂಜಿಯಿಂದ ನೆರಿಗೆ ಹಿಡಿದು ಹೊಲಿದುಬಿಡಿ.

ದಾರಕ್ಕೆ ನಾಲ್ಕೇ ಕುಣಿಕೆ. ಹೆಣೆದ ಮೇಲೆ ಕಡ್ಡಿ ತಿರುಗಿಸದೆ, ಕುಣಿಕೆಗಳನ್ನು ಇನ್ನೊಂದು ತುದಿಗೆ ಸರಿಸಿ, ನೂಲನ್ನು ಹಿಂದಿನಿಂದ ಎಳೆದು ಮತ್ತೆ ಹೆಣೆಯುವುದು. ಗುಂಡನೆಯ ಗಟ್ಟಿ ದಾರ ಇಳಿದು ಬರುತ್ತದೆ. 14 ಅಂಗುಲದ್ದನ್ನು ಮುಚ್ಚಿದ ತುದಿಗೆ ಹೊಲಿಯಿರಿ. 30 ಅಂಗುಲದ್ದನ್ನು ಬಾಯಿಯ ತೂತುಗಳಲ್ಲಿ ಪೋಣಿಸಿ. ಈ ಎರಡನ್ನೇ ಸೊಂಟದಲ್ಲಿ ಗಂಟು ಹಾಕುವುದರಿಂದ, ಗಂಟು ಬಿಗಿಯಾದಷ್ಟೂ ಬಾಯಿಯೂ ಬಿಗಿ. ಇದು ನಮ್ಮ ಬುದ್ಧಿಯಲ್ಲ, ಹಳೆಯ ಹಮ್ಮಿಣಿಯನ್ನು ತಿರುತಿರುಗಿಸಿ ನೋಡಿ ಕಲಿತದ್ದು. ಚೀಲಕ್ಕೆ ಸುಮಾರು ಒಂಬತ್ತು ಸಾವಿರ ಕುಣಿಕೆ ಬಿತ್ತು. ದಾರವೂ ಸೇರಿ ಹನ್ನೆರಡು ಗಂಟೆಯ ಕೆಲಸ.

ಲೆಕ್ಕದ ಪುಟ

ಈ ಸಲ ಮಾವನವರು ನೂರು ನಾಣ್ಯ ತರಿಸಿದರು. ಹತ್ತರ ನೂರು ನಾಣ್ಯ ಎಂದರೆ ಮುಕ್ಕಾಲು ಕಿಲೋಗೂ ಮಿಗಿಲಾದ ತೂಕ. ಒಂದೊಂದಾಗಿ ಇಳಿಬಿಟ್ಟು, ಬಾಯಿ ಬಿಗಿದು, ಎರಡು ತುದಿ ಹಿಡಿದು ಅಲುಗಾಡಿಸಿದರು. ಹಮ್ಮಿಣಿ ಸ್ವಲ್ಪ ಹಿಗ್ಗಿತು, ಹರಿಯಲಿಲ್ಲ. ಅವರು ಮೆಚ್ಚಿ ಏನೂ ಹೇಳಲಿಲ್ಲ. ಕನ್ನಡಕ ಹಾಕಿಕೊಂಡು, “ಇದರ ಅಸಲು ಎಷ್ಟು?” ಎಂದು ಕೇಳಿದರು.

ಹತ್ತಿ ಇಪ್ಪತ್ತೈದು ರೂಪಾಯಿ ಎಂದೆವು. “ಕೂಲಿ?” ಎಂದರು. ಬರೆದಿಟ್ಟಿದ್ದನ್ನು ಓದಿದೆವು. ಆರಿಸಿ ಬೀಜ ತೆಗೆಯಲು 4 ಗಂಟೆ, ಹಿಂಜಿ ಹಂಜಿ ಮಾಡಲು 5, ನೂಲಲು 14, ಹುರಿ ಮಾಡಿ ಕುದಿಸಲು 3, ಹೆಣೆಯಲು 12. ಒಟ್ಟು 38 ಗಂಟೆ. ಮೊಮ್ಮಗಳು ಖಾದಿ ಆಯೋಗದ ದರ ತಿಳಿದಿದ್ದಳು. 2025ರ ಏಪ್ರಿಲ್ 1ರಿಂದ ಒಂದು ಲಡಿ ನೂತರೆ ಕೂಲಿ 15 ರೂಪಾಯಿ, ಅದಕ್ಕೆ ಮೊದಲು ಹನ್ನೆರಡೂವರೆ. ಕಸುಬಿನವರು ಎಂಟು ಕದಿರಿನ ಚರಕದಲ್ಲಿ ದಿನಕ್ಕೆ ಅನೇಕ ಲಡಿ ತೆಗೆಯುತ್ತಾರೆ, ನಮ್ಮ ಆಮೆಗತಿಯ ಲೆಕ್ಕ ಅವರಿಗೆ ಸಲ್ಲದು. ಆದರೂ ನಮ್ಮ ಹದಿನಾಲ್ಕು ಗಂಟೆಯ ನೂಲು ಹದಿನೈದು ರೂಪಾಯಿಯಷ್ಟೂ ಇರಲಿಲ್ಲ ಎಂದಾಗ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಮಾವನವರೇ ಹೇಳತೊಡಗಿದರು. ಅವರು ಹುಡುಗರಾಗಿದ್ದಾಗ ಹಳ್ಳಿಯ ಹೆಂಗಸರು ಕೈನೂಲಿನ ಲಡಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ನಮ್ಮ ಅಂಗಡಿಗೂ ಬರುತ್ತಿದ್ದರಂತೆ. ಎಳೆ ಸಮನಾಗಿಲ್ಲ, ನಂಬರು ಸರಿಯಿಲ್ಲ ಎಂದು ಪ್ರತಿ ಲಡಿಗೂ ಇಷ್ಟೆಂದು ಕಡಿಯುವುದು ಪದ್ಧತಿ. ಕಡಿತವನ್ನು ಬರೆದುಕೊಳ್ಳುವ ಕೆಲಸ ಇವರದು. “ಮನೆಯಲ್ಲಿ ನಮ್ಮಮ್ಮ ನೂತದ್ದೂ ಹಾಗೆಯೇ ಇತ್ತು, ಒಂದು ಕಡೆ ದಪ್ಪ, ಒಂದು ಕಡೆ ತೆಳು. ಅದನ್ನು ಸೊಂಟಕ್ಕೆ ಕಟ್ಟಿಕೊಂಡೇ ಅಪ್ಪ ಕಡಿಯುತ್ತಿದ್ದರು. ನಾನು ಬರೆಯುತ್ತಿದ್ದೆ” ಎಂದರು. ಎಂಬತ್ತನಾಲ್ಕರ ಹಿರಿಯರ ಬಾಯಿಂದ ಆ ಮಾತು ಕೇಳಿ ನಮಗೆ ಏನು ಹೇಳಬೇಕೆಂದು ತೋಚಲಿಲ್ಲ.

ವ್ಯಾಪಾರ ತಪ್ಪಲ್ಲ, ಲಾಭವೂ ತಪ್ಪಲ್ಲ. ಈ ನೆಲದಲ್ಲಿ ನಮ್ಮ ಜನ ವ್ಯಾಪಾರ ಮಾಡಿ ಸಾವಿರ ವರ್ಷದ ಮೇಲಾಯಿತು. ಧರ್ಮಪುರಿ ಹಿಂದೆ ತಗಡೂರು ಆಗಿದ್ದಾಗ, ನೊಳಂಬ ಮಹೇಂದ್ರನ ಕಾಲದಲ್ಲಿ, ಸೆಟ್ಟಿಯೊಬ್ಬರ ಮಕ್ಕಳಾದ ನಿಧಿಯಣ್ಣ, ಚಂದಿಯಣ್ಣ ಎಂಬ ಸೋದರರು ಅಲ್ಲಿ ಬಸದಿ ಕಟ್ಟಿಸಿದರು. ನಿಧಿಯಣ್ಣನು ಅರಸನಿಂದ ಪಡೆದ ಮೂಲಪಳ್ಳಿ ಗ್ರಾಮವನ್ನು ಬಸದಿಯ ಜೀರ್ಣೋದ್ಧಾರ, ಪೂಜೆಗಳಿಗಾಗಿ ಕನಕಸೇನ ಸಿದ್ಧಾಂತ ಭಟಾರರಿಗೆ ಒಪ್ಪಿಸಿದನೆಂದು ಕ್ರಿ.ಶ. 893ರ ಕನ್ನಡ ಶಾಸನ ಹೇಳುತ್ತದೆ. ಹಮ್ಮಿಣಿಯಿಂದ ಹೊರಹೋದ ಹಣದ ಬಗ್ಗೆ ನಮ್ಮ ಹಿರಿಯರು ಕಲ್ಲಿನಲ್ಲಿ ಬರೆಸಿದರು. ಒಳಬಂದ ಹಣದಲ್ಲಿ ಯಾರ ಕೂಲಿ ಎಷ್ಟು ಕಡಿದೆವು ಎಂಬುದನ್ನು ಎಲ್ಲಿಯೂ ಬರೆಸುವವರಿಲ್ಲ. ಅದನ್ನು ನಾವೇ ನೋಡಿಕೊಳ್ಳಬೇಕು.

ಮುಂದಿನ ವಾರ ಮಾವನವರು ನಮ್ಮೊಂದಿಗೆ ತಿರುಚೆಂಗೋಡಿಗೆ ಹೊರಟರು. ಅಜ್ಜಿಯ ಬಳಿ ಹತ್ತು ಲಡಿ ನೂಲು ಕೇಳಿದರು. ಅಜ್ಜಿ ಬೆಲೆ ಹೇಳಿದರು. ಮಾವನವರು ಒಂದು ಲಡಿಯನ್ನು ಬೆರಳಲ್ಲಿ ಎಳೆದು ನೋಡಿದರು, ಅದು ಅವರ ಜನ್ಮದ ಅಭ್ಯಾಸ. ಅಲ್ಲಲ್ಲಿ ದಪ್ಪ ತೆಳು ಇದ್ದುದು ಅವರ ಬೆರಳಿಗೆ ಗೊತ್ತಾಗದೆ ಇರಲಿಲ್ಲ. ಆದರೆ ಒಂದು ಮಾತೂ ಆಡದೆ, ಸೊಂಟದಿಂದ ಹಮ್ಮಿಣಿ ಬಿಚ್ಚಿ, ಹೇಳಿದಷ್ಟು ಎಣಿಸಿ ಕೊಟ್ಟರು. ಅಜ್ಜಿಗೆ ಆಶ್ಚರ್ಯ. “ಸೇಲಂ ಶೇಟು ಚೌಕಾಸಿ ಮಾಡಲಿಲ್ಲವಲ್ಲ” ಎಂದು ನಮ್ಮ ಕಡೆ ತಿರುಗಿ ನಕ್ಕರು. ಮಾವನವರೂ ನಕ್ಕರು.

ವಾಚಕ ಬಂಧುಗಳೇ, ಹಮ್ಮಿಣಿಯೇ ಆಗಬೇಕೆಂದಿಲ್ಲ. ಜಪಮಾಲೆಗೊಂದು ಪುಟ್ಟ ಸಂಚಿ, ಮೊಮ್ಮಗುವಿಗೊಂದು ಕುಲಾವಿ, ಕನ್ನಡಕಕ್ಕೊಂದು ಚೀಲ, ಏನಾದರೂ ಸರಿ. ರಜೆಯ ದಿನಗಳಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಕಾಲು ಕಿಲೋ ಹತ್ತಿಯಿಂದ ಆರಂಭಿಸಿ. ಗಂಟೆಗಳನ್ನು ಮಾತ್ರ ತಪ್ಪದೆ ಬರೆದಿಡಿ. ಆ ಪುಟವನ್ನು ಅಂಗಡಿಯ ಲೆಕ್ಕದ ಪುಸ್ತಕದ ಜೊತೆಯಲ್ಲೇ ಇಡಿ. ನಮ್ಮ ಮನೆಯಲ್ಲಿ ಈಗ ಅದು ಅಲ್ಲೇ ಇದೆ.